ಖಾಲಿ ಹೋಟೆಲ್ಲಿನ ಕಾರಿಡಾರಿನಿಂದ ಬಂದ 37 ನಿಮಿಷ

4 ಡಿಸೆಂಬರ್ 2024, ಬುಧವಾರ, ರಾತ್ರಿ 11

ಸಂಜೆ ಅಣ್ಣನ ಮಗಳು ಗಿಟಾರ್ ಹೊತ್ತುಕೊಂಡು ಬಂದಿದ್ದಳು. ಕ್ಲಾಸಿಗೆ ಸೇರಿ ಇನ್ನೂ ಮೂರು ತಿಂಗಳು. ಚಪ್ಪಲಿ ಬಿಟ್ಟವಳೇ ಸೋಫಾ ಮೇಲೆ ಕೂತು, ಒಂದೇ ತಂತಿಯ ಮೆಟ್ಟುಗಳ ಮೇಲೆ ಬೆರಳು ಓಡಿಸಿದಳು. ಸೊನ್ನೆ, ಮೂರು, ಐದು. ಸೊನ್ನೆ, ಮೂರು, ಆರು, ಐದು. ಮತ್ತೆ ಸೊನ್ನೆ, ಮೂರು, ಐದು, ಮೂರು, ಸೊನ್ನೆ. ಗಿಟಾರ್ ಹಿಡಿದವರೆಲ್ಲ ಮೊದಲ ವಾರದಲ್ಲೇ ನುಡಿಸುವುದು ಇದನ್ನೇ ಅಲ್ವಾ?

ನುಡಿಸಿ ಮುಗಿಸಿ ನನ್ನ ಮುಖ ನೋಡಿದಳು. "ಕಾಕಾ, ಇಷ್ಟು ಸುಲಭ ಇದೆ. ಇದನ್ನ ಯಾಕೆ ಎಲ್ಲರೂ ಅಷ್ಟು ದೊಡ್ಡದು ಅಂತಾರೆ?"

ಇವತ್ತು ಯಾವ ದಿನ ಅಂತ ಅವಳಿಗೆ ಗೊತ್ತಿರಲಿಲ್ಲ. ಸರಿಯಾಗಿ 53 ವರ್ಷದ ಹಿಂದೆ, 1971ರ ಡಿಸೆಂಬರ್ 4, ಶನಿವಾರ, 'ಸ್ಮೋಕ್ ಆನ್ ದ ವಾಟರ್' ಅನ್ನುವ ಆ ಹಾಡು ಹುಟ್ಟಲು ಕಾರಣವಾದ ಬೆಂಕಿ ಬಿದ್ದದ್ದು. ಅವಳಿಗೆ ಉತ್ತರ ಹೇಳೋಕೆ ಹೋಗಿ ಪೂರ್ತಿ ಆಲ್ಬಮ್ ಹಾಕಿದೆ. ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್ ಅವರ 'ಮಷೀನ್ ಹೆಡ್'. ಏಳು ಹಾಡು, 37 ನಿಮಿಷ ಚಿಲ್ಲರೆ. ಈಗ ಅವಳು ಮನೆಗೆ ಹೋಗಿದ್ದಾಳೆ, ನನಗೆ ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಈ ಆಲ್ಬಮ್ ಸಿಕ್ಕಿದ್ದು ಹುಬ್ಬಳ್ಳಿಯ ಮನೆಯಲ್ಲಿ. ಅಣ್ಣ ಹಾಸ್ಟೆಲಿನಿಂದ ರಜೆಗೆ ಬಂದಾಗ 90 ನಿಮಿಷದ ಒಂದು ಕ್ಯಾಸೆಟ್ ತಂದಿದ್ದ, ಗೆಳೆಯನ ಹತ್ತಿರ ತುಂಬಿಸಿಕೊಂಡದ್ದು. ಒಂದು ಕಡೆ 'ಮಷೀನ್ ಹೆಡ್' ಪೂರ್ತಿ. ಇನ್ನೊಂದು ಕಡೆ ಅವ್ವನಿಗೋಸ್ಕರ ಭೀಮಸೇನ ಜೋಶಿಯವರ ದಾಸವಾಣಿ. ಒಂದು ಕಡೆ 45 ನಿಮಿಷ ಹಿಡಿಯುತ್ತೆ, ಆಲ್ಬಮ್ 37ಕ್ಕೇ ಮುಗಿಯುತ್ತೆ. ಉಳಿದ ಏಳೆಂಟು ನಿಮಿಷ ಬರೀ ಸುಯ್ ಅನ್ನುವ ಸದ್ದು. ಅದನ್ನೂ ನಾನು ಎಷ್ಟೋ ಸಲ ಕೊನೆಯವರೆಗೂ ಕೇಳಿದ್ದೇನೆ, ಎದ್ದು ಹೋಗಿ ಬಟನ್ ಒತ್ತುವ ಮನಸ್ಸು ಆಗದೆ.

ಒಂದು ದಿನ ಮಧ್ಯಾಹ್ನ 'ಲೇಜಿ' ಹಾಡು ಓಡುತ್ತಿತ್ತು. ಅದು ಶುರುವಾಗುವುದೇ ಆರ್ಗನ್‌ನಿಂದ. ಗಿಟಾರ್ ಬರುವುದು ಎಷ್ಟೋ ಹೊತ್ತಾದ ಮೇಲೆ. ಅವ್ವ ಅಡಿಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. ಬೈತಾಳೆ ಅಂದುಕೊಂಡು ಸದ್ದು ಕಡಿಮೆ ಮಾಡೋಕೆ ಹೋದೆ. "ಇರ್ಲಿ ಬಿಡೋ. ಇದರಾಗ ಪೇಟಿ ಬಾರಸಾಕತ್ತಾರಲ್ಲ, ಯಾರವರು? ಕೈ ಭಾಳ ಛಲೋ ಐತಿ" ಅಂದಳು. ಭಜನೆಯಲ್ಲಿ ಪೇಟಿ ಕೇಳಿ ಬೆಳೆದ ಕಿವಿ ಅದು. ಹ್ಯಾಮಂಡ್ ಆರ್ಗನ್ ಅನ್ನುವ ಹೆಸರೇ ಅವಳಿಗೆ ಗೊತ್ತಿಲ್ಲ, ಆದರೆ ಕೈ ಎಂಥದು ಅಂತ ಗೊತ್ತಾಯಿತು.

ಆ ಕೈ ಜಾನ್ ಲಾರ್ಡ್ ಅವರದು. ಚಿಕ್ಕಂದಿನಿಂದ ಶಾಸ್ತ್ರೀಯ ಪಿಯಾನೋ ಕಲಿತವರು. 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಪೂರ್ತಿ ಆರ್ಕೆಸ್ಟ್ರಾ ಜೊತೆ ರಾಕ್ ತಂಡವನ್ನು ಕೂರಿಸಿ ತಾವೇ ಬರೆದ ದೊಡ್ಡ ಕೃತಿ ನುಡಿಸಿದರು. ಆಮೇಲೆ ಅವರು ಆರ್ಗನ್‌ನ ವೈರನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೇ ಸಿಕ್ಕಿಸಿದರು. ಚರ್ಚಿನಲ್ಲಿ ಮೆತ್ತಗೆ ನುಡಿಯುವ ವಾದ್ಯ ಗುರ್ ಅನ್ನತೊಡಗಿತು. ಈ ಆಲ್ಬಮ್‌ನಲ್ಲಿ ಎಷ್ಟೋ ಕಡೆ ಗಿಟಾರ್ ಯಾವುದು, ಆರ್ಗನ್ ಯಾವುದು ಅಂತ ಬಿಡಿಸೋಕೆ ಆಗುವುದಿಲ್ಲ. ಎರಡೂ ಒಂದೇ ಗಂಟಲಿನಿಂದ ಬಂದ ಹಾಗೆ ಇರುತ್ತದೆ. ಹಾರ್ಡ್ ರಾಕ್ ಅಂದರೆ ಗಿಟಾರ್ ಒಂದೇ ಅನ್ನುವವರಿಗೆ ನಾನು ಮೊದಲು ಇದನ್ನೇ ಕೇಳಿಸುತ್ತೇನೆ.

ಸರಿ, ಬೆಂಕಿಯ ಕಥೆಗೆ ಬರುತ್ತೇನೆ. ಅವಳಿಗೆ ಹೇಳಿದ್ದೂ ಇದನ್ನೇ.

ಡೀಪ್ ಪರ್ಪಲ್‌ನವರಿಗೆ ಸ್ಟುಡಿಯೋದ ಮುಚ್ಚಿದ ಕೋಣೆ ಬೇಸರ ತಂದಿತ್ತು. ವೇದಿಕೆ ಮೇಲೆ ಬರುವ ಸದ್ದು ಆಲ್ಬಮ್‌ನಲ್ಲೂ ಬರಬೇಕು ಅನ್ನೋದು ಆಸೆ. ಅದಕ್ಕೆ ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿಗೆ ಹೋದರು. ಜಿನೀವಾ ಸರೋವರದ ದಡದ ಊರು. ಅಲ್ಲಿನ ಕ್ಯಾಸಿನೋ ಚಳಿಗಾಲಕ್ಕೆ ಬಾಗಿಲು ಹಾಕುತ್ತಿತ್ತು. ಅದರ ಸಭಾಂಗಣದಲ್ಲೇ ನುಡಿಸುವುದು, ಹೊರಗೆ ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೋ ನಿಲ್ಲಿಸಿ ರೆಕಾರ್ಡ್ ಮಾಡುವುದು ಅಂತ ಲೆಕ್ಕ. ಒಂದು ಲಾರಿಯೊಳಗೆ ಪೂರ್ತಿ ಸ್ಟುಡಿಯೋ ಕಟ್ಟಿದ್ದರು, ಅದನ್ನು ಬಾಡಿಗೆಗೆ ತಂದಿದ್ದರು.

ಬಾಗಿಲು ಹಾಕುವ ಮೊದಲು ಕ್ಯಾಸಿನೋದಲ್ಲಿ ಒಂದು ಸಂಗೀತ ಕಛೇರಿ ಬಾಕಿ ಇತ್ತು. ಅಮೆರಿಕದ ರಾಕ್ ಸಂಗೀತಗಾರ ಫ್ರ್ಯಾಂಕ್ ಜಾಪಾ ಮತ್ತು ಅವರ ತಂಡದ್ದು. ಡೀಪ್ ಪರ್ಪಲ್‌ನವರೂ ಕೇಳೋಕೆ ಹೋಗಿದ್ದರು. ನಡುವೆ ಯಾರೋ ಒಬ್ಬ ಫ್ಲೇರ್ ಗನ್ ಹಾರಿಸಿದ. ಹಡಗಿನವರು ಆಪತ್ತಿನಲ್ಲಿ ಆಕಾಶಕ್ಕೆ ಬೆಳಕು ಹಾರಿಸುತ್ತಾರಲ್ಲ, ಆ ತರಹದ್ದು. ಅದು ಚಾವಣಿಗೆ ತಾಗಿ ಹೊತ್ತಿಕೊಂಡಿತು. ಮಾಂಟ್ರೋ ಜಾಝ್ ಉತ್ಸವ ನಡೆಸುತ್ತಿದ್ದ ಕ್ಲಾಡ್ ನಾಬ್ಸ್ ಒಳಗೆ ಹೊರಗೆ ಓಡಾಡಿ ಹುಡುಗರನ್ನು ಎಳೆದು ತಂದರು. ಒಂದೇ ಒಂದು ಜೀವ ಹೋಗಲಿಲ್ಲ. ಇದನ್ನು ಎಷ್ಟು ಸಲ ಓದಿದರೂ ನನಗೆ ಒಂದು ನಿಟ್ಟುಸಿರು ಬರುತ್ತೆ. ಕಟ್ಟಡ ಮಾತ್ರ ಉಳಿಯಲಿಲ್ಲ. ಪಾಪ, ಜಾಪಾ ಅವರ ವಾದ್ಯಗಳೆಲ್ಲ ಸುಟ್ಟು ಹೋದವು. ಅದಾಗಿ ಒಂದೇ ವಾರಕ್ಕೆ ಲಂಡನ್ನಿನಲ್ಲಿ ಪ್ರೇಕ್ಷಕನೊಬ್ಬ ಅವರನ್ನು ವೇದಿಕೆಯಿಂದ ತಳ್ಳಿ, ಅವರು ತಿಂಗಳುಗಟ್ಟಲೆ ಗಾಲಿಕುರ್ಚಿಯಲ್ಲಿ ಕೂರಬೇಕಾಯಿತು.

ಆ ಸಂಜೆ ತಂಡದವರು ಹೋಟೆಲಿನ ಕಿಟಕಿಯಿಂದ ನೋಡುತ್ತಿದ್ದರಂತೆ, ಹೊಗೆ ಇಳಿದು ಬಂದು ನೀರಿನ ಮೇಲೆ ಹಾಸಿಕೊಂಡಿತ್ತು. ಕೆಲವು ದಿನ ಕಳೆದು ಬಾಸ್ ನುಡಿಸುವ ರಾಜರ್ ಗ್ಲೋವರ್ ಬೆಳಗ್ಗೆ ಎಚ್ಚರವಾಗುವಾಗ ಬಾಯಲ್ಲಿ ಆ ಮಾತೇ ಇತ್ತು. 'ಸ್ಮೋಕ್ ಆನ್ ದ ವಾಟರ್'. ಹಾಡಿನ ಪದಗಳಲ್ಲಿ ಕಲ್ಪನೆ ಅನ್ನುವುದೇ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ್ದಾರೆ, ಊರಿಗೆ ಬರೆದ ಕಾಗದದ ಹಾಗೆ. ಕ್ಲಾಡ್ ನಾಬ್ಸ್ ಹೆಸರೂ ಅದರಲ್ಲಿ ಬರುತ್ತದೆ.

ಕ್ಯಾಸಿನೋ ಹೋಯಿತು. ಊರಿನ ನಡುವೆ ಇದ್ದ ಪೆವಿಲಿಯನ್ ಅನ್ನುವ ಒಂದು ಥಿಯೇಟರ್ ಹಿಡಿದರು. ರಾತ್ರಿ ಹೊತ್ತು ಶುರು ಮಾಡಿದರು. ಊರೆಲ್ಲ ನಡುಗುವಷ್ಟು ಸದ್ದು, ಅಕ್ಕಪಕ್ಕದವರು ದೂರು ಕೊಟ್ಟು ಪೊಲೀಸರು ಬಂದರು. ಹೊರಗೆ ಪೊಲೀಸರು ಬಾಗಿಲು ಬಡಿಯುತ್ತಿದ್ದಾರೆ, ಒಳಗೆ ತಂಡದ ಹುಡುಗರು ಬಾಗಿಲು ಒತ್ತಿ ಹಿಡಿದಿದ್ದಾರೆ, ಇವರು ಆ ಟೇಕ್ ಮುಗಿಸುತ್ತಿದ್ದಾರೆ! ಅಲ್ಲಿ ಸಿಕ್ಕಿದ್ದು ಅದೊಂದೇ ಹಾಡಿನ ಬುಡ, ಮಾತು ಇನ್ನೂ ಸೇರದ ಬರೀ ವಾದ್ಯ. ಇವತ್ತು ಅವಳು ಸೋಫಾ ಮೇಲೆ ನುಡಿಸಿದ್ದು ಅದೇ.

ಕೊನೆಗೆ ಸಿಕ್ಕಿದ್ದು ಗ್ರ್ಯಾಂಡ್ ಹೋಟೆಲ್. ಚಳಿಗಾಲಕ್ಕೆ ಮುಚ್ಚಿದ, ಕೊರೆಯುವ ಖಾಲಿ ಹೋಟೆಲ್. ಕಾರಿಡಾರಿನ ತುದಿಯಲ್ಲಿ ವಾದ್ಯ ಹೂಡಿದರು. ಸದ್ದು ಗುಂಯ್‌ಗುಡದ ಹಾಗೆ ಸುತ್ತಲೂ ಹಾಸಿಗೆಗಳನ್ನು ಒರಗಿಸಿದರು. ಲಾರಿ ಹೊರಗೆ ನಿಂತಿತ್ತು, ಕೇಬಲ್ ಒಳಗೆ ಎಳೆದಿದ್ದರು. ಲಾರಿಯಲ್ಲಿ ಎಂಜಿನಿಯರ್ ಮಾರ್ಟಿನ್ ಬರ್ಚ್. ನುಡಿಸಿದ್ದು ಹೇಗೆ ಬಂದಿದೆ ಅಂತ ಕೇಳಬೇಕಾದರೆ ಆ ಲಾರಿಗೇ ಹೋಗಬೇಕು. ನೇರ ದಾರಿ ಹಾಸಿಗೆಯಿಂದ ಮುಚ್ಚಿಹೋಗಿತ್ತು. ಹಾಗಾಗಿ ಒಂದು ರೂಮು ಹೊಕ್ಕು, ಬಾಲ್ಕನಿ ದಾಟಿ, ಇನ್ನೊಂದು ರೂಮು ಹೊಕ್ಕು, ಹಿಮದಲ್ಲಿ ನಡೆದು ಲಾರಿ ಹತ್ತಬೇಕು. ಆಮೇಲೆ ಅದೇ ದಾರಿಯಲ್ಲಿ ವಾಪಸ್. ಎರಡು ಮೂರು ಸಲ ಹೋಗಿ ಬಂದರು. ಆಮೇಲೆ ಹೋಗೋದೇ ಬಿಟ್ಟರು. ತಮಗೆ ಸರಿ ಅನ್ನಿಸುವ ತನಕ ನುಡಿಸೋದು, ಸರಿ ಅನ್ನಿಸಿದರೆ ಮುಂದಿನ ಹಾಡು.

ನಾನು ಅವಳಿಗೆ ಕೊಟ್ಟ ಉತ್ತರ ಇಷ್ಟೇ, ಆ ದಾರಿ. ಈ ಆಲ್ಬಮ್ ಇನ್ನೂ ಉಸಿರಾಡುತ್ತಿರುವುದು ಆ ದಾರಿ ಅಷ್ಟು ಕಷ್ಟ ಇದ್ದದ್ದಕ್ಕೆ ಅಂತ ನಾನು ನಂಬಿದ್ದೇನೆ. ಐದು ಜನಕ್ಕೂ ತಮ್ಮ ತಪ್ಪನ್ನು ಮತ್ತೆ ಮತ್ತೆ ಕೇಳುವ ಅವಕಾಶ ಇರಲಿಲ್ಲ. ಕೇಳೋಕೆ ಇದ್ದದ್ದು ಪಕ್ಕದಲ್ಲಿ ನಿಂತವನನ್ನು ಮಾತ್ರ. ಅದಕ್ಕೇ ಇಯಾನ್ ಪೇಸ್ ಅವರ ಡ್ರಮ್ಸ್ ಎಲ್ಲೂ ಗಡಿಯಾರದ ಹಾಗೆ ಇಲ್ಲ, ಗಿಟಾರ್ ಒಂಚೂರು ಮುಂದೆ ಹಾರಿದರೆ ಅದೂ ಜೊತೆಗೇ ಹಾರುತ್ತೆ. 'ಪಿಕ್ಚರ್ಸ್ ಆಫ್ ಹೋಮ್' ಹಾಡಿನ ಶುರುವಿನಲ್ಲಿ ಅವರು ಒಬ್ಬರೇ ಬಾರಿಸುತ್ತಾರೆ, ಕೇಳಿ ನೋಡಿ. ಚರ್ಮಕ್ಕೆ ಕೋಲು ಬಿದ್ದ ಸದ್ದಿನ ಹಿಂದೆ ಒಂದು ಜಾಗ ಕೇಳಿಸುತ್ತೆ. ಗೋಡೆ ಕೇಳಿಸುತ್ತೆ. ಅದೇ ಹಾಡಿನಲ್ಲಿ ಗ್ಲೋವರ್ ಅವರ ಬಾಸ್ ಒಂಟಿಯಾಗಿ ಬರುವ ಜಾಗವೂ ಇದೆ, ಜನ ಅದರ ಬಗ್ಗೆ ಮಾತಾಡುವುದು ತುಂಬಾ ಕಡಿಮೆ.

ಡಿಸೆಂಬರ್ 6ರಿಂದ 21. ಎರಡು ವಾರ ಚಿಲ್ಲರೆಯಲ್ಲಿ ಕೆಲಸ ಮುಗಿಯಿತು. 1972ರ ಮಾರ್ಚಿನಲ್ಲಿ ಆಲ್ಬಮ್ ಬಂತು, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ತಂಡದವರು ಮೊದಲು ನಂಬಿಕೆ ಇಟ್ಟು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ಪುಟ್ಟ ರೆಕಾರ್ಡ್ ಆಗಿ, ಬಿಟ್ಟದ್ದು 'ನೆವರ್ ಬಿಫೋರ್' ಹಾಡನ್ನು. ಅದು ಅಷ್ಟೇನೂ ಓಡಲಿಲ್ಲ. 'ಸ್ಮೋಕ್ ಆನ್ ದ ವಾಟರ್' ಸಿಂಗಲ್ ಆಗಿ ಬಂದದ್ದು 1973ರಲ್ಲಿ, ಅಮೆರಿಕದಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿತು. ಅಷ್ಟು ಹೊತ್ತಿಗೆ ಗಾಯಕ ಇಯಾನ್ ಗಿಲ್ಲನ್ ಮತ್ತು ಗ್ಲೋವರ್ ಇಬ್ಬರೂ ತಂಡ ಬಿಡುವವರಿದ್ದರು. ನನಗೆ ಇದು ಈಗಲೂ ಬೇಜಾರು.

ಇನ್ನೊಂದು ಬೇಜಾರೂ ಇದೆ. 'ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್' ಅಂತ ಒಂದು ನಿಧಾನದ ಹಾಡನ್ನು ಅಲ್ಲೇ ರೆಕಾರ್ಡ್ ಮಾಡಿದ್ದರು. ಆಲ್ಬಮ್‌ಗೆ ಸೇರಿಸಲಿಲ್ಲ, ಸಿಂಗಲ್‌ನ ಹಿಂಬದಿಗೆ ಹಾಕಿದರು. ಗಿಲ್ಲನ್ ಕಿರುಚದೆ ಹಾಡಿದರೆ ಎಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಾಗೋದು ಅದರಲ್ಲಿ. ನಮ್ಮ ಕ್ಯಾಸೆಟ್ಟಿನ ಕೊನೆಯ ಏಳೆಂಟು ನಿಮಿಷ ಸುಮ್ನೆ ಖಾಲಿ ಹೋಯಿತಲ್ಲ, ಅದು ಅಲ್ಲಿ ಆರಾಮಾಗಿ ಹಿಡಿಯುತ್ತಿತ್ತು.

ಇದೇ ಆಲ್ಬಮ್‌ನ 'ಹೈವೇ ಸ್ಟಾರ್' ಹಾಡಿನ ಬಗ್ಗೆ ಬರೆಯದೆ ಮುಗಿಸೋಕೆ ಆಗಲ್ಲ. 1971ರಲ್ಲಿ ಒಂದು ಕಾರ್ಯಕ್ರಮಕ್ಕೆ ಬಸ್ಸಿನಲ್ಲಿ ಹೋಗುತ್ತಿರುವಾಗ ಪತ್ರಕರ್ತರೊಬ್ಬರು ನೀವು ಹಾಡು ಹೇಗೆ ಕಟ್ಟುತ್ತೀರಿ ಅಂತ ಕೇಳಿದರಂತೆ. ತಂಡದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಗಿಟಾರ್ ಎತ್ತಿಕೊಂಡು ಹೀಗೆ ಅಂತ ಒಂದೇ ಸ್ವರವನ್ನು ದಡದಡ ಹೊಡೆಯತೊಡಗಿದರು, ಗಿಲ್ಲನ್ ಅದರ ಮೇಲೆ ಬಾಯಿಗೆ ಬಂದ ಪದ ಹಾಕಿದರು. ಆ ಹಾಡಿನ ಗಿಟಾರ್ ಸೋಲೋ ಮಾತ್ರ ಹಾಗೆ ಬಂದದ್ದಲ್ಲ. ಸಾಮಾನ್ಯವಾಗಿ ನಿಂತ ನಿಲುವಿನಲ್ಲೇ ಹೊಸದಾಗಿ ನುಡಿಸುತ್ತಿದ್ದ ಬ್ಲ್ಯಾಕ್‌ಮೋರ್, ಇದನ್ನು ಮೊದಲೇ ಕೂತು ಸ್ವರ ಸ್ವರ ಹೊಂದಿಸಿಕೊಂಡಿದ್ದರು, ಯೂರೋಪಿನ ಶಾಸ್ತ್ರೀಯ ಸಂಗೀತಗಾರ ಬಾಖ್ ಅವರ ಜಾಡು ಹಿಡಿದು. ಸಾಲು ಸಾಲು ಸ್ವರ ಮೆಟ್ಟಿಲು ಇಳಿದ ಹಾಗೆ ಇಳಿದು ಬರುತ್ತವೆ. ಹದಿನಾರನೇ ವಯಸ್ಸಿನಲ್ಲಿ ನನಗೆ ಅದು ತಾನದ ಹಾಗೆ ಕೇಳಿಸುತ್ತಿತ್ತು. ಈಗಲೂ ಹಾಗೇ ಕೇಳಿಸುತ್ತೆ.

ಈ ವರ್ಷ ಹಳೆಯ ಟೇಪುಗಳಿಂದ ಹೊಸ ಮಿಕ್ಸ್ ಮಾಡಿ ಬಿಟ್ಟಿದ್ದಾರೆ. ಮಾಡಿದವರು ಡ್ವೀಜಿಲ್ ಜಾಪಾ, ಆ ದಿನ ಕ್ಯಾಸಿನೋದಲ್ಲಿ ನುಡಿಸುತ್ತಿದ್ದ ಫ್ರ್ಯಾಂಕ್ ಜಾಪಾ ಅವರ ಮಗ. ಗೊತ್ತಾದಾಗ ಮೈ ಜುಮ್ ಅಂದಿತ್ತು. ಹೊಸದರಲ್ಲಿ ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳಿಸುತ್ತೆ, ಖುಷಿ ಆಗುತ್ತೆ. ಆದರೂ ನನ್ನ ಕೈ ಹೋಗುವುದು ಹಳೆಯದರ ಕಡೆಗೇ. ಎಲ್ಲರೂ ಒಂದೇ ಕಾರಿಡಾರಿನಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಂತ ಸದ್ದು ಹಳೆಯದರಲ್ಲೇ ಜಾಸ್ತಿ.

ಇಷ್ಟೆಲ್ಲ ಹೇಳಿದ ಮೇಲೆ ಅವಳ ಕೈಯಿಂದ ತಂತಿ ಮೀಟುವ ಬಿಲ್ಲೆ, ಪಿಕ್, ತೆಗೆದಿಟ್ಟೆ. ಬ್ಲ್ಯಾಕ್‌ಮೋರ್ ಇದನ್ನು ಪಿಕ್ಕಿನಿಂದ ನುಡಿಸುವುದಿಲ್ಲ, ಅಕ್ಕಪಕ್ಕದ ಎರಡು ತಂತಿಯನ್ನು ಬೆರಳಿನಿಂದ ಒಟ್ಟಿಗೆ ಮೀಟುತ್ತಾರೆ ಅಂತ ತೋರಿಸಿದೆ. ಪಿಕ್ಕಿನಲ್ಲಿ ಒಂದು ತಂತಿ ಆದ ಮೇಲೆ ಇನ್ನೊಂದು ಸಿಗುತ್ತೆ. ಬೆರಳಿನಲ್ಲಿ ಎರಡೂ ಒಂದೇ ಕ್ಷಣಕ್ಕೆ ಬಾಯಿ ತೆರೆಯುತ್ತವೆ. ಮೊದಲ ಸಲ ಬರಲಿಲ್ಲ. ಎರಡನೇ ಸಲವೂ ಇಲ್ಲ. ಹತ್ತನೇ ಸಲಕ್ಕೆ ಎರಡು ತಂತಿ ಒಟ್ಟಿಗೆ ಎದ್ದಾಗ ಅವಳು ಕಣ್ಣರಳಿಸಿ ನನ್ನ ಕಡೆ ತಿರುಗಿದಳು.

ಅವ್ವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆವು. "ಅಜ್ಜಿ, ಇದನ್ನ ಕೇಳು" ಅಂತ ನುಡಿಸಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವ್ವ ಹಾಡಿದಳು, "ಸಾ ಗಾ ಮಾ, ಸಾ ಗಾ ಮ ಮಾ, ಸಾ ಗಾ ಮಾ ಗಾ ಸಾ." ಗಾಂಧಾರ ಕೋಮಲ. ನಡುವೆ ಒಂದೇ ಒಂದು ಸಲ ತೀವ್ರ ಮಧ್ಯಮ ಮುಟ್ಟಿ, ತಕ್ಷಣ ಶುದ್ಧ ಮಧ್ಯಮಕ್ಕೆ ಇಳಿಯೋದು. ಲಲಿತ್ ರಾಗದಲ್ಲಿ ಎರಡೂ ಮಧ್ಯಮ ಹೀಗೇ ಪಕ್ಕ ಪಕ್ಕ ಬರುತ್ತವೆ, ಆದರೆ ಇದು ಆ ಮನೆಯದಲ್ಲ, ಅಮೆರಿಕದ ಬ್ಲೂಸ್ ಸಂಗೀತದಿಂದ ಬಂದದ್ದು. ನಾನು ಮೂವತ್ತು ವರ್ಷದಿಂದ ಕೇಳುತ್ತಿರುವುದರಲ್ಲಿ ಆ ತೀವ್ರ ಮಧ್ಯಮವೇ ಕಿವಿ ಹಿಡಿದಿಡುವ ಕೊಕ್ಕೆ ಅಂತ ಹೊಳೆದದ್ದು ಇವತ್ತು.

"ಅದs ಕ್ಯಾಸೆಟ್ಟಿಂದ ಹೌದಲ್ಲೋ?" ಅಂತ ಕೇಳಿದಳು ಅವ್ವ. ಹೌದು ಅಂದೆ. "ಪೇಟಿಯವರು ಅದಾರೇನು ಇನ್ನ?" ಇಲ್ಲ, 2012ರಲ್ಲಿ ಹೋಗಿಬಿಟ್ಟರು ಅಂದೆ. ಅವ್ವ ಒಂದು ನಿಮಿಷ ಮಾತಾಡಲಿಲ್ಲ.

ಎಂಟೂವರೆಗೆ ಅತ್ತಿಗೆ ಕರೆದುಕೊಂಡು ಹೋಗೋಕೆ ಬಂದರು. ಹೊರಡುವ ಮುಂಚೆ ಇನ್ನೊಂದು ಸಲ ಹಾಕು ಕಾಕಾ ಅಂದಳು, ಬರೀ ಶುರು ಸಾಕು. ಮೊದಲು ಗಿಟಾರ್ ಒಂದೇ. ಆಮೇಲೆ ಡ್ರಮ್ಸ್ ಜೊತೆಗಿನ ಜೋಡಿ ತಾಳ, ಹೈ-ಹ್ಯಾಟಿನ ಚಿಸ್ ಚಿಸ್, ಅದರ ಜೊತೆಗೆ ಆರ್ಗನ್. ಆಮೇಲೆ ಪೂರ್ತಿ ಡ್ರಮ್ಸ್. ಆಮೇಲೆ ಬಾಸ್. ಒಬ್ಬೊಬ್ಬರಾಗಿ ರೂಮಿಗೆ ಬಂದು ಕೂತ ಹಾಗೆ. ಗಾಯಕ ಬಾಯಿ ತೆರೆಯುವ ತನಕ ನಿಂತಿದ್ದು, ಚಪ್ಪಲಿ ಹಾಕಿಕೊಂಡು ಓಡಿದಳು. ಪಿಕ್ ಇಲ್ಲೇ ಟೀಪಾಯಿ ಮೇಲೆ ಇದೆ.