ಗಟ್ಟಿ ಬೀಜಕ ಮತ್ತು ಒಂದು ಲೋಟ ನೀರು

ಶಿರಸಿಯ ಹಳೇ ಬಸ್ ನಿಲ್ದಾಣದ ಹತ್ತಿರದ ಔಷಧಿ ಅಂಗಡಿಯೊಂದರಲ್ಲಿ ನಾನು ಫಾರ್ಮಸಿಸ್ಟ್. ಮಳೆ ಹಿಡಿದು ಬಾವಿಯ ನೀರು ಕೆಂಪಾಗತೊಡಗಿತೆಂದರೆ ನಮ್ಮಲ್ಲಿ ಬೇಧಿಯ ಔಷಧಿಗೆ ಬೇಡಿಕೆ. "ಮಕ್ಕಳಿಗೆ ಕುಡಿಸುವ ಆ ಸಣ್ಣ ಪ್ಲಾಸ್ಟಿಕ್ ಬಾಟಲಿ ಕೊಡಿ" ಎಂದು ಚೀಟಿಯಿಲ್ಲದೆಯೇ ಕೇಳುವವರು ದಿನಕ್ಕೆ ಏಳೆಂಟು ಮಂದಿ.

ಆ ಬಾಟಲಿಯಲ್ಲಿರುವುದು ಕರುಳಿಗೆ ಒಳ್ಳೆಯದೆಂದು ಕೊಡುವ ಬ್ಯಾಸಿಲಸ್ ಕ್ಲಾಸಿ ಎಂಬ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಅದರ ನಿದ್ರಿಸುತ್ತಿರುವ ರೂಪ. ಹೆಚ್ಚು ಮಾರಾಟವಾಗುವ ಬಗೆಯಲ್ಲಿ 5 ಮಿ.ಲೀ. ದ್ರವಕ್ಕೆ 200 ಕೋಟಿ ಬೀಜಕ. ಅಲುಗಾಡಿಸಿದರೆ ಅಕ್ಕಿ ತೊಳೆದ ನೀರಿನಂತೆ ಮಸುಕಾಗುತ್ತದೆ. ಮೊಸರಿನ ಜಾತಿಯ ಲ್ಯಾಕ್ಟೋಬ್ಯಾಸಿಲಸ್‌ಗಳು ಬಿಸಿಗೆ, ಹೊಟ್ಟೆಯ ಆಮ್ಲಕ್ಕೆ, ಆ್ಯಂಟಿಬಯೋಟಿಕ್‌ಗೆ ಬೇಗ ಸಾಯುತ್ತವೆ. ಬೀಜಕ ಹಾಗಲ್ಲ. ದಪ್ಪ ಕವಚದೊಳಗೆ, ತೇವವನ್ನು ಬಹಳಷ್ಟು ಕಳೆದುಕೊಂಡು, ಬೇಸಿಗೆಯ ಬೇಣದಲ್ಲಿ ಮಳೆಗೆ ಕಾದಿರುವ ಹುಲ್ಲಿನ ಬೀಜದಂತೆ ಮಲಗಿರುತ್ತದೆ. ಹೊಟ್ಟೆಯನ್ನು ದಾಟಿ ಕರುಳು ತಲುಪಿದ ಮೇಲೆ ಮೊಳೆಯುತ್ತದೆ. ಫ್ರಿಜ್ ಬೇಡ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಊರಿಗೆ ಇದೊಂದು ದೊಡ್ಡ ಅನುಕೂಲ.

ಈ ಗಟ್ಟಿತನವೇ ನನ್ನನ್ನು ಮೈಮರೆಸಿತು. ಇನ್ಸುಲಿನ್ ಕೊಡುವಾಗ ಮನೆ ಎಷ್ಟು ದೂರ, ಫ್ರಿಜ್ ಇದೆಯೇ ಎಂದೆಲ್ಲ ವಿಚಾರಿಸುತ್ತಿದ್ದ ನಾನು, ಈ ಬಾಟಲಿಯನ್ನು ಮಾತ್ರ ಮಾತಿಲ್ಲದೆ ಕೊಟ್ಟು ಕಳುಹಿಸುತ್ತಿದ್ದೆ. ಕೆಡದ ವಸ್ತು, ಏನು ಹೇಳುವುದಿದೆ ಎಂಬ ಭಾವನೆ.

ಮೂರು ವರ್ಷಗಳ ಹಿಂದಿನ ಜುಲೈ. ಬನವಾಸಿ ರಸ್ತೆಯ ಕಡೆಯ ಹಳ್ಳಿಯಿಂದ ಅಜ್ಜಿಯೊಬ್ಬರು ಕಂಬಳಿಕೊಪ್ಪೆಯಿಂದ ನೀರು ಇಳಿಸುತ್ತ ಬಂದರು. ಎರಡು ವರ್ಷದ ಮೊಮ್ಮಗನಿಗೆ ಬೆಳಗಿನಿಂದ ಬೇಧಿ. ನಾಲ್ಕು ಬಾಟಲಿ ಕೊಟ್ಟೆ. ಜೊತೆಗೆ ಒಂದು ಓಆರ್‌ಎಸ್ (ಬೇಧಿಯಲ್ಲಿ ಕಳೆದುಹೋದ ನೀರು, ಲವಣ ತುಂಬಲು ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ) ಪೊಟ್ಟಣವನ್ನೂ ಇಟ್ಟು, "ಇದನ್ನೂ ನೀರಿಗೆ ಹಾಕಿ ಕುಡಿಸಿ ಅಮ್ಮಾ" ಎಂದೆ. ಹಿಂದೆ ಐದಾರು ಜನ ನಿಂತಿದ್ದರು. ಅಜ್ಜಿ ಬಸ್ಸಿಗೆ ಓಡಿದರು.

ಮರುದಿನ ಮಧ್ಯಾಹ್ನ ಮಗುವಿನ ಅಪ್ಪ ಬಂದರು. ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. "ಅಕ್ಕಾ, ಮಗುವನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ಮೈಯಲ್ಲಿ ಉಪ್ಪು ಏರಿದೆ ಎನ್ನುತ್ತಾರೆ. ನೀವು ಕೊಟ್ಟಿದ್ದು ಇದೇ ಅಲ್ಲವೇ?" ಎಂದು ಖಾಲಿ ಪೊಟ್ಟಣವನ್ನು ಕೌಂಟರ್ ಮೇಲಿಟ್ಟರು. ಒಂದು ಲೀಟರ್ ನೀರಿಗೆ ಹಾಕಬೇಕಾದ ಪೊಟ್ಟಣ. ಅಜ್ಜಿ ಅದನ್ನು ಒಂದೇ ಲೋಟ ನೀರಿಗೆ ಹಾಕಿ, ಚಮಚ ಚಮಚವಾಗಿ, ಅಷ್ಟೂ ಕುಡಿಸಿದ್ದರು. ಉಪ್ಪು, ಸಕ್ಕರೆ ಅಳತೆ ಮೀರಿದ ನೀರು ಕರುಳಿನೊಳಕ್ಕೆ ಇನ್ನಷ್ಟು ನೀರನ್ನು ಎಳೆಯುತ್ತದೆ, ರಕ್ತದಲ್ಲಿ ಸೋಡಿಯಂ ಏರುತ್ತದೆ. ನಾಲ್ಕನೆಯ ದಿನ ಮಗು ಮನೆಗೆ ಹೋಯಿತು. ಅಲ್ಲಿಯವರೆಗೆ ನನಗೆ ಊಟ ಸೇರಲಿಲ್ಲ.

ಅಜ್ಜಿಯ ತಪ್ಪು ಇದರಲ್ಲಿ ಏನೂ ಇಲ್ಲ. ಪೊಟ್ಟಣದಲ್ಲಿ ಎರಡು ಗಾತ್ರ ಬರುತ್ತದೆ, 200 ಮಿ.ಲೀ. ನೀರಿನದು ಮತ್ತು ಲೀಟರಿನದು. ಲೀಟರಿನದರಲ್ಲಿ 20 ಗ್ರಾಂಗಿಂತ ತುಸು ಹೆಚ್ಚು ಪುಡಿ ಇರುತ್ತದೆ. ಯಾವುದನ್ನು ಎಷ್ಟು ನೀರಿಗೆ ಎಂದು ಹೇಳಬೇಕಾದವಳು ನಾನು. ಮಗುವಿನ ಜೀವ ನಿಂತಿದ್ದುದು ನೀರಿನ ಮೇಲೆ; ಆ ನೀರಿನ ಬಗ್ಗೆ ನಾನು ಆಡಿದ್ದು ಅರ್ಧ ಮಾತು. ಬೀಜಕಗಳು ಬೇಧಿಯ ಅವಧಿಯನ್ನು ಕೆಲವು ಗಂಟೆ ಕಡಿಮೆ ಮಾಡಬಹುದು, ಅಷ್ಟೇ. ಅಮೆರಿಕದ ಜಠರ-ಕರುಳು ತಜ್ಞರ ಸಂಘವಂತೂ 2020ರ ಮಾರ್ಗಸೂಚಿಯಲ್ಲಿ ಅಲ್ಲಿನ ಮಕ್ಕಳ ಸಾಂಕ್ರಾಮಿಕ ಬೇಧಿಗೆ ಪ್ರೋಬಯೋಟಿಕ್ (ಈ ಬೀಜಕಗಳಂತೆ ಕರುಳಿಗೆಂದು ಕೊಡುವ ಜೀವಂತ ಸೂಕ್ಷ್ಮಾಣು) ಬೇಡ ಎಂದೇ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮುಖ್ಯ ಚಿಕಿತ್ಸೆ ಓಆರ್‌ಎಸ್ ಮತ್ತು ಝಿಂಕ್.

ಈಗ ಕೌಂಟರಿನ ಕೆಳಗೆ ಲೀಟರ್ ನೀರಿನ ಖಾಲಿ ಬಾಟಲಿಯೊಂದನ್ನು ಇಟ್ಟುಕೊಂಡಿದ್ದೇನೆ. ಲೀಟರಿನ ಓಆರ್‌ಎಸ್ ಕೊಡುವಾಗ ಅದನ್ನು ಎತ್ತಿ ತೋರಿಸಿ, "ಇಷ್ಟು ನೀರಿಗೆ ಇಡೀ ಪೊಟ್ಟಣ" ಎಂದು ಹೇಳಿ, ಅವರ ಬಾಯಿಂದಲೂ ಹೇಳಿಸುತ್ತೇನೆ. ಮೊದಲು ಕೇಳುವುದು ಮೂತ್ರದ ಬಗ್ಗೆ. ಆರು ತಾಸಿನಿಂದ ಮೂತ್ರ ಹೋಗಿಲ್ಲ, ಕಣ್ಣು ಗುಳಿಬಿದ್ದಿದೆ, ಮಲದಲ್ಲಿ ರಕ್ತ ಇದೆ, ಕುಡಿದದ್ದು ನಿಲ್ಲುತ್ತಿಲ್ಲ, ಇದರಲ್ಲಿ ಒಂದಿದ್ದರೂ ಔಷಧಿ ಮಾರುವುದಿಲ್ಲ, ನೇರ ಆಸ್ಪತ್ರೆಗೆ ಕಳುಹಿಸುತ್ತೇನೆ.

ಮಾತು ಶುರುವಾದ ಮೇಲೆ ಬಾಟಲಿಯ ಬಗ್ಗೆಯೂ ಎಷ್ಟೊಂದು ಹೇಳುವುದಿದೆ ಎಂದು ತಿಳಿಯಿತು. ಒಬ್ಬರು ಅದರ ಜೊತೆಗೆ ಸಿರಿಂಜ್ ಕೇಳಿದರು. ನೋಡಲು ಇಂಜೆಕ್ಷನ್ ಸೀಸೆಯಂತಿದೆಯಲ್ಲ! ಅದು ಕುಡಿಯಲಿಕ್ಕೆ ಮಾತ್ರ, ಚುಚ್ಚಿದರೆ ಪ್ರಾಣಕ್ಕೇ ಸಂಚಕಾರ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ವೈದ್ಯರು ಹೇಳದೆ ಕೊಡುವುದಿಲ್ಲ, ಏಕೆಂದರೆ ಅಂಥವರ ರಕ್ತದಲ್ಲಿ ಇದೇ ಬ್ಯಾಕ್ಟೀರಿಯಾ ಬೆಳೆದ ಉದಾಹರಣೆಗಳಿವೆ. ಇನ್ನು ಕೆಲವು ಪ್ರೋಬಯೋಟಿಕ್ ಮಾತ್ರೆಗಳ ಹಾಳೆಯ ಮೇಲೆ ಲ್ಯಾಕ್ಟೋಬ್ಯಾಸಿಲಸ್ ಸ್ಪೋರೋಜೆನಸ್ ಎಂದು ಅಚ್ಚಾಗಿರುವುದೂ ನಿಜದಲ್ಲಿ ಬೀಜಕ ಬಿಡುವ ಬ್ಯಾಸಿಲಸ್ ಕೋಯಾಗುಲನ್ಸ್. ಹಳೆಯ ಹೆಸರು ಹಾಗೆಯೇ ಉಳಿದಿದೆ.

ಸಂಜೆ ಕೊನೆಯ ಬಸ್ಸಿನ ಹೊತ್ತಿಗೆ ಮಾತ್ರ ಈಗಲೂ ಕಷ್ಟ. ಜನ ಹಣ ಮೊದಲೇ ಚಾಚಿ ನಿಂತಿರುತ್ತಾರೆ, ಚಾಲಕ ಹಾರ್ನ್ ಹಾಕುತ್ತಿರುತ್ತಾನೆ. ಆಗ ಪೊಟ್ಟಣದ ಮೇಲೆ ಕಪ್ಪು ಮಾರ್ಕರ್‌ನಿಂದ "1 ಲೀಟರ್" ಎಂದು ದೊಡ್ಡದಾಗಿ ಬರೆಯುತ್ತೇನೆ. ಓದಲು ಬಾರದವರಿಗೆ ಬಾಟಲಿಯ ಚಿತ್ರ ಬಿಡಿಸಿ, ಕುತ್ತಿಗೆಯ ತನಕ ಗೆರೆ ಎಳೆದು ಕೊಡುತ್ತೇನೆ.