ಸ್ಟ್ರಾಂಬೋಲಿಯ ಸ್ಫೋಟಗಳನ್ನು ಎಣಿಸುವ ಕೆಲಸ: ಮೂರು ಸಂಜೆಗಳ ದಾಖಲೆ

ಇಟಲಿಯ ಸ್ಟ್ರಾಂಬೋಲಿ ದ್ವೀಪದ ಜ್ವಾಲಾಮುಖಿಯನ್ನು ಹತ್ತಿರದಿಂದ ನೋಡಿ, ಪ್ರತಿ ಸ್ಫೋಟದ ವೇಳೆಯನ್ನೂ ಕಲ್ಲುಗಳು ಎದ್ದ ಎತ್ತರವನ್ನೂ ಬರೆದಿಡಬೇಕೆಂಬ ನನ್ನ ಯೋಜನೆಯಲ್ಲಿ ಮೂರು ಸಂಜೆಗಳ ಕೆಲಸ ಮುಗಿದಿದೆ. ಸಮುದ್ರಮಟ್ಟದಿಂದ 924 ಮೀಟರ್ ಎತ್ತರವಿರುವ ಈ ಬೆಟ್ಟವನ್ನು ಆರಿಸಿಕೊಳ್ಳಲು ಕಾರಣ, ಸಾಮಾನ್ಯ ದಿನಗಳಲ್ಲಿ ಇದು ಗಂಟೆಗೆ ಹಲವು ಬಾರಿ ಸಿಡಿಯುತ್ತದೆ ಮತ್ತು ಶತಮಾನಗಳಿಂದ ಹಾಗೆಯೇ ಸಿಡಿಯುತ್ತ ಬಂದಿದೆ. ಇದಕ್ಕೆ ಮೆಡಿಟರೇನಿಯನ್ ಸಮುದ್ರದ ದೀಪಸ್ತಂಭವೆಂಬ ಹೆಸರು ಬಂದದ್ದೂ ಅದರಿಂದಲೇ.

ಶಿಖರದ ಅಂಚಿನಿಂದ ಬಾಯಿಗಳೊಳಗೆ ಇಣುಕಬೇಕೆಂಬ ಮೊದಲಿನ ಆಸೆಯನ್ನು ಕೈಬಿಟ್ಟಿದ್ದೇನೆ. 2019ರ ಜುಲೈ 3ರಂದು ನಿತ್ಯದ ಸ್ಫೋಟಗಳಿಗಿಂತ ಬಹುಪಟ್ಟು ದೊಡ್ಡದಾದ ಸ್ಫೋಟವಾಗಿ ಚಾರಣಿಗರೊಬ್ಬರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಆಗಸ್ಟ್ 28ರಂದು ಅಂಥದೇ ಇನ್ನೊಂದು ಸಂಭವಿಸಿತು. ನಾನು ಹೋದಾಗ ಮಾರ್ಗದರ್ಶಿಯ ಜೊತೆ 400 ಮೀಟರ್ ಎತ್ತರದವರೆಗೆ ಮಾತ್ರ ಅನುಮತಿಯಿತ್ತು. ಸಿಡಿದ ಕೆಂಡಗಳು ಸಮುದ್ರಕ್ಕೆ ಉರುಳುವ ಶಾರಾ ದೆಲ್ ಫುವೋಕೊ ಎಂಬ ಕಡಿದಾದ ಇಳಿಜಾರಿನ ಪಕ್ಕದಲ್ಲಿ ನಿಂತರೆ, ಜ್ವಾಲಾಮುಖಿಯ ಬಾಯಿಗಳಿರುವ ಸಮತಟ್ಟಾದ ಜಾಗ ಮೇಲುಗಡೆ ಕಾಣುತ್ತದೆ. ನನ್ನ ಕೆಲಸಕ್ಕೆ ಆ ಜಾಗ ಸಾಕಾಯಿತು.

ಮೊದಲ ಸಂಜೆಯ ದಾಖಲೆಯಲ್ಲಿ ಅರ್ಧದಷ್ಟನ್ನು ತೆಗೆದುಹಾಕಬೇಕಾಗಿ ಬಂದಿತು. ಸದ್ದು ಕೇಳಿದ ಕ್ಷಣಕ್ಕೆ ಸ್ಟಾಪ್‌ವಾಚ್ ಒತ್ತುತ್ತಿದ್ದೆ. ಆದರೆ ಕೆಲವು ಸ್ಫೋಟಗಳಲ್ಲಿ ಕೆಂಡಗಳ ಕಾರಂಜಿ ಎದ್ದರೂ ಸದ್ದು ಕಿವಿಗೆ ಬೀಳುತ್ತಿರಲಿಲ್ಲ, ಇನ್ನು ಕೆಲವದರಲ್ಲಿ ಗುಡುಗಿನಂಥ ಸದ್ದಾದರೂ ಬೂದಿಯ ಮೋಡದ ಹೊರತು ಏನೂ ಕಾಣುತ್ತಿರಲಿಲ್ಲ. ಶಿಲಾರಸದಲ್ಲಿ ಸೇರಿಕೊಂಡ ಅನಿಲವು ದೊಡ್ಡ ಗುಳ್ಳೆಯಾಗಿ ಕೊಳವೆಯುದ್ದಕ್ಕೂ ಏರಿ ಮೇಲ್ಮೈಯಲ್ಲಿ ಒಡೆಯುವುದೇ ಇಲ್ಲಿನ ಸ್ಫೋಟವೆಂದು ಓದಿ ತಿಳಿದಿದ್ದೆ. ಬಾಯಿ ತೆರೆದಿದ್ದರೆ ಹೊಳೆಯುವ ತುಣುಕುಗಳು ನೇರವಾಗಿ ಚಿಮ್ಮುತ್ತವೆ. ಹಿಂದೆ ಬಿದ್ದ ಕಲ್ಲುಬೂದಿ ಅದರ ಮೇಲೆ ಕೂತಿದ್ದರೆ ಅದನ್ನೂ ಎತ್ತಿಕೊಂಡು ದಟ್ಟ ಬೂದಿ ಹೊರಬರುತ್ತದೆ. ಈ ಎರಡು ಬಗೆಯನ್ನು ಒಂದೇ ಕಾಲಮ್ಮಿನಲ್ಲಿ ಬರೆಯುವುದು ತಪ್ಪೆಂದು ಅಲ್ಲಿ ಕುಳಿತೇ ಮನವರಿಕೆಯಾಯಿತು.

ಎರಡನೆಯ ಸಂಜೆಯಿಂದ ಬೆಳಕು, ಸದ್ದು, ಬೂದಿ ಈ ಮೂರಕ್ಕೂ ಬೇರೆ ಬೇರೆ ಕಾಲಮ್ ಇಟ್ಟು, ಟ್ರೈಪಾಡಿನ ಮೇಲಿನ ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮುಗಳಂತೆ ಚಿತ್ರೀಕರಿಸಿದೆ. ಬೆಳಕು ಕಂಡ ಮೇಲೆ ಸದ್ದು ಬರಲು ಸುಮಾರು 2.4 ಸೆಕೆಂಡು ಬೇಕಾಯಿತು. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದು ಹಿಡಿದರೆ ಆ ಬಾಯಿ ನನ್ನಿಂದ ಸುಮಾರು 815 ಮೀಟರ್ ದೂರದಲ್ಲಿತ್ತು. ದೂರ ಗೊತ್ತಾದ ಮೇಲೆ ಎತ್ತರವನ್ನು ಕೋನದಿಂದ ಅಳೆಯಬಹುದಿತ್ತು, ಆದರೆ ಇನ್ನೂ ಸರಳವಾದ ದಾರಿಯೊಂದಿದೆ. ಒಂದು ಕೆಂಡವು ತನ್ನ ಪಥದ ತುದಿಯಿಂದ ನೆಲ ಮುಟ್ಟಲು 100 ಫ್ರೇಮುಗಳನ್ನು, ಅಂದರೆ 4 ಸೆಕೆಂಡುಗಳನ್ನು ತೆಗೆದುಕೊಂಡಿತು. ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದು ಬಿದ್ದದ್ದು ಸುಮಾರು 78 ಮೀಟರ್. ಈ ಸಂಖ್ಯೆ ಕೆಂಡ ಬಿದ್ದ ಜಾಗದಿಂದ ಅಳೆದದ್ದೇ ಹೊರತು ಬಾಯಿಯಿಂದಲ್ಲ; ಆದ್ದರಿಂದ ಇಳಿಜಾರಿನ ಮೇಲೆ ಬಿದ್ದ ಕೆಂಡಗಳನ್ನು ಬಿಟ್ಟು, ಬಾಯಿಯ ಅಂಚಿನಲ್ಲೇ ಬಿದ್ದವುಗಳನ್ನಷ್ಟೇ ಈಗ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಆ ಕೆಂಡಗಳು ಮೇಲೇರುವುದಕ್ಕಿಂತ ಇಳಿಯುವುದನ್ನು ನೋಡುವುದೇ ನನಗೆ ಹೆಚ್ಚು ಪ್ರಿಯವಾಯಿತು. ತುದಿಯಲ್ಲಿ ಕ್ಷಣಕಾಲ ನಿಂತಂತೆ ಕಂಡು, ಕೆಂಪಿನಿಂದ ಕಡುಗೆಂಪಿಗೆ ತಿರುಗುತ್ತ ಬಿದ್ದು, ಇಳಿಜಾರಿನಲ್ಲಿ ಪುಟಿಯುವಾಗ ಒಡೆದರೆ ಒಳಗಿನ ಬಿಸಿ ಮತ್ತೆ ಹೊಳೆಯುತ್ತದೆ.

ಮೂರನೆಯ ಸಂಜೆ ಮೋಡ ಕವಿದು ಏನೂ ಕಾಣಲಿಲ್ಲ. ಸದ್ದಿನ ಕಾಲಮ್ಮನ್ನು ಮಾತ್ರ ತುಂಬಿದೆ.

ಮೋಡದೊಳಗೆ ಬರೀ ಕಿವಿಯನ್ನು ನಂಬಿ ಕುಳಿತಾಗ ಮುಂದಿನ ಹಂತವೂ ಸ್ಪಷ್ಟವಾಯಿತು. ಇಂಥ ಸ್ಫೋಟಗಳ ಶಬ್ದಶಕ್ತಿಯ ಬಹುಪಾಲು 20 ಹರ್ಟ್ಜ್‌ಗಿಂತ ಕೆಳಗೆ, ಮನುಷ್ಯರ ಕಿವಿಗೆ ನಿಲುಕದ ಕಂಪನಗಳಲ್ಲಿರುತ್ತದೆ. ಹಾಗಾಗಿ ನಾನು ಸದ್ದಿಲ್ಲವೆಂದು ಬರೆದ ಸ್ಫೋಟಗಳು ನಿಜಕ್ಕೂ ಮೌನವಾಗಿದ್ದವೆಂದು ಹೇಳಲಾರೆ. ಗಾಳಿಯ ಒತ್ತಡದ ಅಷ್ಟು ನಿಧಾನದ ಏರಿಳಿತವನ್ನು ಹಿಡಿಯುವ ಸಣ್ಣ ಸೆನ್ಸರ್ ಒಂದನ್ನು ಜೋಡಿಸುವ ಕೆಲಸ ಆರಂಭಿಸಿದ್ದೇನೆ. ಅದು ಸಿದ್ಧವಾಗುವವರೆಗೆ ಆ ಸಾಲುಗಳ ಮುಂದೆ ‘ಕೇಳಿಸಲಿಲ್ಲ’ ಎಂದಷ್ಟೇ ಇರುತ್ತದೆ.