ಓಟಿ, ಹೊಟ್ಟು, ಗಾರ್ಬ್ಲಿಂಗ್: ಚಿಕ್ಕಮಗಳೂರು ಪೇಟೆಯ ಕ್ಯೂರಿಂಗ್ ನೆನಪು

ಚಿಕ್ಕಮಗಳೂರಿನ ಕಾಫಿ ಅಂದರೆ ಎಲ್ಲರ ಮಾತೂ ತೋಟದ ಕಡೆಗೇ ಓಡುತ್ತದೆ. ಬಾಬಾಬುಡನ್ ಗಿರಿ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸು, ಮಾರ್ಚಿನ ಹೂಮಳೆ. ಪೇಟೆಯವರ ಕಾಫಿ ಬೇರೆ. ಅದು ಕ್ಯೂರಿಂಗ್‌ನ ಕಾಫಿ, ಅಂದರೆ ತೋಟದಲ್ಲಿ ಒಣಗಿಸಿದ ಕಾಫಿಯ ಸಿಪ್ಪೆ ಸುಲಿದು, ಆರಿಸಿ, ಗ್ರೇಡ್ ಮಾಡುವ ಕಾರ್ಖಾನೆಯ ಕಾಫಿ. ‘ಅವರಮ್ಮ ಕ್ಯೂರಿಂಗ್‌ಗೆ ಹೋಗ್ತಾರೆ’ ಅಂದರೆ ಸಾಕಿತ್ತು, ಅಲ್ಲೇನು ಕೆಲಸ ಅಂತ ಯಾರೂ ಕೇಳುತ್ತಿರಲಿಲ್ಲ. ತೋಟದ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಬಡಾವಣೆಗಳ ಒಲೆ ಉರಿಸಿದ, ಮಕ್ಕಳ ಫೀಸು ಕಟ್ಟಿದ ಈ ಶೆಡ್ಡುಗಳ ಕೆಲಸ ಮಾತ್ರ ಬಾಯಿಮಾತಿನಲ್ಲೇ ಉಳಿದಿದೆ. ಅದಕ್ಕೇ ಇಲ್ಲಿ ಕೆಲಸದ ವಿವರವನ್ನೇ ಬರೆಯುತ್ತಿದ್ದೇನೆ.

ಮೊದಲು, ಇದು ಇಲ್ಲೇ ಯಾಕೆ? ಬೆಳೆಯುವುದು ಮೂಡಿಗೆರೆ, ಸಕಲೇಶಪುರ, ಆಲ್ದೂರು, ಕೊಪ್ಪದ ಕಡೆ. ಆದರೆ ದೊಡ್ಡ ಕ್ಯೂರಿಂಗ್‌ಗಳು ನಿಂತದ್ದು ಚಿಕ್ಕಮಗಳೂರು, ಹಾಸನ, ಹುಣಸೂರಿನಲ್ಲಿ. ಒಣಗಿಸಿದ ಕಾಫಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಘಟ್ಟದ ಬಾಯಲ್ಲಿ ಶೆಡ್ಡು ಕಟ್ಟಿದರೆ ಜೂನ್ ಹೊತ್ತಿಗೆ ಒಳಗಿನ ಬೀಜ ಬಿಳಿಚಿಕೊಂಡು ಊದಿಕೊಳ್ಳುತ್ತದೆ. ಬೆಟ್ಟ ದಾಟಿ ಈಚೆ ಬಂದರೆ ಮಳೆಯ ಜೋರು ಇಳಿಯುತ್ತದೆ, ಬಿಸಿಲು ಹೆಚ್ಚು ದಿನ ಸಿಗುತ್ತದೆ. ಮಂಗಳೂರು ಬಂದರಿಗೆ ಲಾರಿ ಹೊರಡಲಿಕ್ಕೂ ದಾರಿ ಇದೆ.

1942ರ ಕಾಫಿ ಕಾಯಿದೆ ಬಂದಮೇಲೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರಿಸಿ ಬೋರ್ಡೇ ಮಾರುವ ಒಟ್ಟು ದಾಸ್ತಾನಿಗೆ, ಹಾಕಬೇಕಿತ್ತು. ಬೋರ್ಡಿನ ಪರವಾಗಿ ಮೂಟೆ ಇಳಿಸಿಕೊಂಡು, ಹದಮಾಡಿ, ಗ್ರೇಡ್ ಮಾಡಿ ಇಡುವುದು ಕ್ಯೂರಿಂಗ್‌ನವರ ಕೆಲಸ. ದುಡ್ಡು ಒಟ್ಟಿಗೆ ಬರುತ್ತಿರಲಿಲ್ಲ. ಹಾಕಿದಾಗ ಮುಂಗಡ, ಬೋರ್ಡ್ ಮಾರಿದ ಹಾಗೆಲ್ಲ ಕಂತು. ಹಾಗಾಗಿ ಕ್ಯೂರಿಂಗ್ ರಸೀದಿ ಬೆಳೆಗಾರನ ಮನೆಯಲ್ಲಿ ಪಹಣಿಯಷ್ಟೇ ಜೋಪಾನದ ಕಾಗದ. 1996ರಲ್ಲಿ ಪೂಲ್ ಪೂರ್ತಿ ಮುಗಿಯಿತು. ಆಮೇಲೆ ಬೆಳೆಗಾರ ಬೇಕಾದವರಿಗೆ ಮಾರಬಹುದಾಯಿತು, ಊರೂರಿಗೂ ಸಣ್ಣ ಹಲ್ಲರುಗಳು, ಅಂದರೆ ಒಣ ಕಾಫಿಯ ಸಿಪ್ಪೆ ಸುಲಿಯುವ ಯಂತ್ರಗಳು, ಬಂದವು.

ಗೇಟಿಗೆ ಬರುವುದು ಎರಡು ಬಗೆಯ ಮಾಲು. ಹಣ್ಣನ್ನು ಹಸಿಯಾಗಿರುವಾಗಲೇ ಸಿಪ್ಪೆ ತೆಗೆಯುವ ಯಂತ್ರಕ್ಕೆ, ಅಂದರೆ ಪಲ್ಪರಿಗೆ ಹಾಕಿ, ಲೋಳೆ ತೊಳೆದು, ತೊಗಟೆಯ ಸಮೇತ ಒಣಗಿಸಿದ್ದು ಪಾರ್ಚ್‌ಮೆಂಟ್. ಇಡೀ ಹಣ್ಣನ್ನೇ ಕಣದಲ್ಲಿ ಒಣಗಿಸಿದ್ದು ಚೆರಿ. ಎರಡನ್ನೂ ಮೊದಲು ನೋಡುವುದು ತೇವಕ್ಕೆ. ಪಾರ್ಚ್‌ಮೆಂಟ್ ನೂರಕ್ಕೆ 10, ಚೆರಿ 11ರ ಆಸುಪಾಸಿಗೆ ಇಳಿದಿರಬೇಕು. ಮೀಟರ್ ಬರುವ ಮುಂಚೆ ಹಲ್ಲೇ ಮೀಟರ್. ತೊಗಟೆ ಸುಲಿದ ಬೀಜವನ್ನು ಮುಂದಿನ ಹಲ್ಲಿನಲ್ಲಿ ಒತ್ತಿದಾಗ ಹಲ್ಲು ಒಳಗಿಳಿದರೆ ಹಸಿ, ಪುಡಿಯಾದರೆ ಅತಿಯಾಗಿ ಒಣಗಿದೆ, ಸಣ್ಣ ಗುರುತು ಮಾತ್ರ ಬಿದ್ದರೆ ಹದ. ಚೆರಿಯಾದರೆ ಹಿಡಿ ತುಂಬ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುವುದು. ಗಲಗಲ ಅನ್ನಬೇಕು.

ಈ ಹದ ತಪ್ಪಿದರೆ ಮುಂದಿನದೆಲ್ಲ ತಪ್ಪು. ಹಸಿ ಮಾಲು ಹಲ್ಲರಿಗೆ ಹೋದರೆ ಸಿಪ್ಪೆ ಒಡೆಯುವುದಿಲ್ಲ, ಬೀಜ ಚಪ್ಪಟೆಯಾಗುತ್ತದೆ. ಅತಿ ಒಣಗಿದ್ದು ಹೋದರೆ ಚೂರು. ಹಲ್ಲರ್ ಬಾಯಿಯ ತಡೆ ಬಿಗಿಮಾಡಿದರೆ ಬೀಜ ಬಿಸಿಯಾಗಿ ಬಣ್ಣ ಕೆಡುತ್ತದೆ, ಸಡಿಲಬಿಟ್ಟರೆ ಸುಲಿಯದ ಕಾಯಿ ಹಾಗೇ ಹೊರಬೀಳುತ್ತದೆ. ಹೊರಬಂದ ಬೀಜವನ್ನು ಮುಟ್ಟಿ ನೋಡಿ ತಡೆ ಸರಿಮಾಡುವ ಮೇಸ್ತ್ರಿ ಇಡೀ ಶೆಡ್ಡಿನಲ್ಲಿ ಒಬ್ಬರೋ ಇಬ್ಬರೋ ಇರುತ್ತಿದ್ದರು.

ಸುಲಿದ ಬೀಜ ಜರಡಿಗೆ ಹೋಗುತ್ತದೆ. 18ನೇ ನಂಬರಿನ ಜರಡಿಯ ಮೇಲೆ ನಿಂತದ್ದು ಎಎ, 17ರ ಮೇಲೆ ನಿಂತದ್ದು ಎ, ಅದರ ಕೆಳಗೆ ಬಿ, ಸಿ. 17 ಅಂದರೆ ತೂತು ಹೆಚ್ಚುಕಡಿಮೆ 6.7 ಮಿಲಿಮೀಟರ್. ಗುಂಡಗಿನ ಒಂಟಿ ಬೀಜ, ಅಂದರೆ ಪೀಬೆರಿ, ಉದ್ದ ತೂತಿನ ಜರಡಿಯಲ್ಲಿ ಬೇರೆಯಾಗುತ್ತದೆ. ಹಗುರವಾದದ್ದನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ಗಾತ್ರ, ತೂಕ ಎರಡನ್ನೂ ಯಂತ್ರ ನೋಡಿಕೊಂಡಿತು. ಗುಣ ನೋಡಿದ್ದು ಹೆಂಗಸರ ಕಣ್ಣು.

ಅದೇ ಗಾರ್ಬ್ಲಿಂಗ್. ಪೇಟೆಯ ಮಾತಿನಲ್ಲಿ ‘ಬೀಜ ಆರಿಸೋದು’. ಜನವರಿಯಿಂದ ಮಳೆ ಹಿಡಿಯುವ ತನಕ ಸುಗ್ಗಿ. ಬೆಳಿಗ್ಗೆ ಬುತ್ತಿ ಹಿಡಿದು ಹೆಂಗಸರ ಸಾಲು ಹೋಗುವುದನ್ನು ನೋಡಿಯೇ ಅಂಗಡಿಯವರು ಬಾಗಿಲು ತೆಗೆಯುತ್ತಿದ್ದರು. 1948ರ ಕಾರ್ಖಾನೆ ಕಾಯಿದೆಯಲ್ಲಿ ಹೆಂಗಸರಿಗೆ ರಾತ್ರಿ ಏಳರಿಂದ ಬೆಳಿಗ್ಗೆ ಆರರವರೆಗೆ ಕೆಲಸ ಕೊಡುವಂತಿರಲಿಲ್ಲ. ಅದೂ ಅಲ್ಲದೆ ದೀಪದ ಬೆಳಕಿನಲ್ಲಿ ಬೀಜದ ಬಣ್ಣ ಮೋಸ ಮಾಡುತ್ತದೆ, ಹಾಗಾಗಿ ಇದು ಹಗಲಿನ ಕೆಲಸವೇ. ನೇರ ಬಿಸಿಲೂ ಆಗದು. ಉತ್ತರದ ಕಿಟಕಿಯಿಂದ, ಗಾಜಿನ ಹೆಂಚಿನಿಂದ ಬರುವ ತಣ್ಣನೆಯ ಬೆಳಕು ಬೇಕು. ಹೆಂಗಸರ ಸಂಖ್ಯೆ 30 ದಾಟಿದ ಕಾರ್ಖಾನೆಯಲ್ಲಿ ಮಕ್ಕಳಿಗೆ ಒಂದು ಕೋಣೆ ಇರಲೇಬೇಕು ಅನ್ನುವುದೂ ಆ ಕಾಯಿದೆಯಲ್ಲೇ ಇತ್ತು.

ಕೈಯ ಕೆಲಸ ಹೀಗೆ. ಬೀಜವನ್ನು ಟೇಬಲ್ಲಿನ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ತೆಳ್ಳಗೆ ಹರಡಬೇಕು. ಗುಡ್ಡೆಯಲ್ಲಿ ಕೈ ಆಡಿಸಿದರೆ ಕೆಟ್ಟದ್ದು ಒಳಗೇ ಉಳಿಯುತ್ತದೆ. ಅಂಗೈಯಿಂದ ಒಂದಿಷ್ಟನ್ನು ತನ್ನ ಕಡೆ ಎಳೆದು, ಬೆರಳ ತುದಿಯಿಂದ ಹೊರಳಿಸಿ ಎರಡೂ ಮುಖ ನೋಡಿ, ಕೆಟ್ಟದ್ದನ್ನು ಡಬ್ಬಕ್ಕೆ ಹಾಕಿ, ಒಳ್ಳೆಯದನ್ನು ಹಾಗೇ ಅಂಚಿಗೆ ಸರಿಸುವುದು. ಒಳ್ಳೆಯದನ್ನು ಎತ್ತಬಾರದು, ಕೆಟ್ಟದ್ದನ್ನು ಮಾತ್ರ ಎತ್ತಬೇಕು. ಹೊಸಬರು ಇದನ್ನು ತಿಳಿಯದೆ ಅರ್ಧ ದಿನ ಕಳೆಯುತ್ತಾರೆ.

ಅನುಭವ ಇದ್ದವರು ಟೇಬಲ್ಲಿನ ಬೀಜ ನೋಡಿ ತೋಟದಲ್ಲಿ ಏನಾಗಿದೆ ಅಂತ ಹೇಳಿಬಿಡುತ್ತಿದ್ದರು. ನನ್ನ ಪ್ರಕಾರ ಈ ಊರಿನ ದೊಡ್ಡ ಕಾಫಿ ವಿದ್ಯೆ ಇದೇ. ಬೀಜದ ಅಂಚು ಕಚ್ಚಿದಂತೆ ಹರಿದಿದ್ದರೆ ಪಲ್ಪರಿನ ಸಂದು ಬಿಗಿಯಾಗಿದೆ. ನಡುಗೆರೆ ಕೆಂಪಗಿದ್ದರೆ ಹಣ್ಣು ಅತಿಯಾಗಿ ಮಾಗಿದೆ, ಇಲ್ಲವೇ ಕೊಯ್ದ ದಿನವೇ ಪಲ್ಪ್ ಮಾಡಿಲ್ಲ. ಸುಕ್ಕಾಗಿ ಹಸಿರು ಹೊಟ್ಟಿನಂತೆ ಕೂತಿದ್ದರೆ ಕಾಯಿ ಕೊಯ್ದಿದ್ದಾರೆ. ಕಪ್ಪಗಿದ್ದರೆ ನೆಲಕ್ಕೆ ಉದುರಿದ್ದು, ಅಥವಾ ಬರಕ್ಕೆ ಗಿಡದಲ್ಲೇ ಒಣಗಿದ್ದು. ಸೂಜಿ ಚುಚ್ಚಿದಂಥ ತೂತಿದ್ದರೆ ಬೆರಿ ಬೋರರ್. ಆ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರು ಕಡೆ. ಅದು ಊರಿಂದೂರಿಗೆ ಗೋಣಿಚೀಲದಲ್ಲೇ ಪ್ರಯಾಣ ಮಾಡುತ್ತದೆ. ಕ್ಯೂರಿಂಗ್‌ನಿಂದ ತೋಟಕ್ಕೆ ಹಿಂತಿರುಗುವ ಖಾಲಿ ಚೀಲಕ್ಕೆ ಹೊಗೆ ಹಾಕಬೇಕು ಅನ್ನುವುದು ಅದಕ್ಕೇ.

ಇವೆಲ್ಲಕ್ಕಿಂತ ಕೆಟ್ಟದ್ದು ಸ್ಟಿಂಕರ್. ತೊಟ್ಟಿಯ ಮೂಲೆಯಲ್ಲೋ ಪಲ್ಪರಿನ ಸಂದಿಯಲ್ಲೋ ನಿನ್ನೆಯ ನಾಲ್ಕು ಬೀಜ ಉಳಿದು, ಇವತ್ತಿನ ಮಾಲಿನ ಜೊತೆ ಸೇರುತ್ತದೆ. ಮೇಲೆ ನೋಡಲಿಕ್ಕೆ ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ, ಮುರಿದರೆ ಕೊಳೆತ ನಾತ. ಒಂದೇ ಒಂದು ಸಾಕು, ಇಡೀ ಲೋಟ ಕೆಡುತ್ತದೆ. ಇದನ್ನು ಟೇಬಲ್ಲಿನಲ್ಲಿ ಹಿಡಿಯುವುದು ಕಷ್ಟ. ದಿನದ ಕೊನೆಗೆ ಪಲ್ಪರನ್ನೂ ತೊಟ್ಟಿಯನ್ನೂ ಒಂದು ಬೀಜ ಉಳಿಯದ ಹಾಗೆ ತೊಳೆಯುವುದೊಂದೇ ದಾರಿ.

ಇನ್ನು ಓಟಿ. ಬೆಳೆಗಾರನಿಗೂ ಕ್ಯೂರಿಂಗ್‌ಗೂ ನಡುವೆ ಜಗಳ ಆದದ್ದೆಲ್ಲ ಈ ಎರಡಕ್ಷರಕ್ಕೆ. ಔಟ್‌ಟರ್ನ್ ಅಂದರೆ 50 ಕೆಜಿ ಮೂಟೆಯಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ. ಪಾರ್ಚ್‌ಮೆಂಟಿನಲ್ಲಿ 40ರ ಹತ್ತಿರ, ರೊಬಸ್ಟಾ ಚೆರಿಯಲ್ಲಿ 26-27. ಬೇರೆ ಬೇರೆ ಮೂಟೆಗಳಿಂದ ತೆಗೆದ ಸ್ಯಾಂಪಲನ್ನು ಬೆರೆಸಿ, ಒಂದು ಕೆಜಿ ತೂಗಿ, ಸುಲಿದಾಗ 540 ಗ್ರಾಂ ಬೀಜ ಬಂದರೆ ಓಟಿ 27. ಓಟಿಗೆ 300 ರೂಪಾಯಿ ದರ ಅಂತ ಇಟ್ಟುಕೊಳ್ಳಿ. ಮೂಟೆಗೆ 8,100. ಸ್ಯಾಂಪಲ್‌ನಲ್ಲಿ 20 ಗ್ರಾಂ ಕಡಿಮೆ ಬಂದರೆ ಓಟಿ 26, ಮೂಟೆಗೆ 300 ಹೋಯಿತು. ನೂರು ಮೂಟೆಗೆ 30 ಸಾವಿರ. ಇಷ್ಟೆಲ್ಲ ದುಡ್ಡು ನಿಂತಿರುವುದು ಒಂದು ಹಿಡಿ ಸ್ಯಾಂಪಲ್ ಮೇಲೆ. ಹಾಗಾಗಿ ಮೂಟೆಯ ಬಾಯಿಂದ ಮಾತ್ರ ತೆಗೆದ ಸ್ಯಾಂಪಲನ್ನು ಒಪ್ಪಬೇಡಿ, ನಡುವಿಂದಲೂ ತಳದಿಂದಲೂ ತೆಗೆಸಿ. ತೂಗುವಾಗ ಎದುರಿಗೇ ನಿಲ್ಲಿ. ಅದೇ ಸ್ಯಾಂಪಲಿನ ಅರ್ಧವನ್ನು ಕಟ್ಟಿ ಮನೆಗೆ ತನ್ನಿ. ಓಟಿ ಬಿದ್ದರೆ ಎಲ್ಲ ಸಲವೂ ಮೋಸವೇ ಆಗಿರುವುದಿಲ್ಲ. ಕಾಯಿ ಕೊಯ್ಲು, ನೀರಿನಲ್ಲಿ ತೇಲುವ ಜೊಳ್ಳು ಕಾಯಿ, ಹುಳ, ಬರ, ಯಾವುದಾದರೂ ಬೀಜದ ತೂಕ ತಿನ್ನುತ್ತದೆ.

ಓಟಿ 27 ಅಂದರೆ ಉಳಿದ 23 ಕೆಜಿ ಹೊಟ್ಟು. ಊರಿನ ಬಚ್ಚಲಿಗೆ ಬಂದ ಕಾಫಿ ಇದೇ. ಹೊಟ್ಟಿನ ಒಲೆಗೆ ಬೇಕಾದದ್ದು ಹಳೆಯ ಎಣ್ಣೆ ಡಬ್ಬ, ಒಂದು ಬಾಟಲಿ, ಒಂದು ದಪ್ಪ ಕೋಲು. ಡಬ್ಬದ ಬದಿಯಲ್ಲಿ, ತಳಕ್ಕೆ ಹತ್ತಿರ, ಮೂರು ಇಂಚಿನ ತೂತು ಕೊರೆಯಿರಿ. ಬಾಟಲಿಯನ್ನು ನಡುವೆ ನೆಟ್ಟಗೆ ನಿಲ್ಲಿಸಿ. ತೂತಿನಿಂದ ಕೋಲು ತೂರಿಸಿ ಬಾಟಲಿಗೆ ತಾಗಿಸಿ. ಸುತ್ತ ಹೊಟ್ಟು ಹಾಕಿ, ನಾಲ್ಕೈದು ಪದರವಾಗಿ ಗಟ್ಟಿಯಾಗಿ ಕುಟ್ಟುತ್ತಾ ಬನ್ನಿ. ಆಮೇಲೆ ಮೊದಲು ಕೋಲು, ನಂತರ ಬಾಟಲಿ, ತಿರುಗಿಸುತ್ತಾ ನಿಧಾನ ಎಳೆಯಿರಿ. ಕೆಳಗಿನ ತೂತಿನಲ್ಲಿ ಪುಳ್ಳೆ ಹಚ್ಚಿದರೆ ಒಳಗಿನಿಂದ ಹೊರಕ್ಕೆ ಎರಡು ಮೂರು ಗಂಟೆ ಸಮನಾಗಿ ಉರಿಯುತ್ತದೆ, ಮನೆಮಂದಿಯ ಸ್ನಾನದ ಹಂಡೆ ಕಾಯುತ್ತದೆ. ಸರಿಯಾಗಿ ಕುಟ್ಟದಿದ್ದರೆ ನಡುವೆ ಕುಸಿದು ಉಸಿರು ಕಟ್ಟುತ್ತದೆ. ಹಸಿ ಹೊಟ್ಟಾದರೆ ಬರೀ ಹೊಗೆ. ಚೆರಿ ಹೊಟ್ಟು ಇದಕ್ಕೆ ಚೆನ್ನ. ಪಾರ್ಚ್‌ಮೆಂಟ್ ಹೊಟ್ಟು ಹಗುರ, ಭಗ್ಗನೆ ಉರಿದುಹೋಗುತ್ತದೆ, ಮರದ ಹೊಟ್ಟು ಬೆರೆಸಿಕೊಳ್ಳಬೇಕು.

ಇಟ್ಟಿಗೆ ಗೂಡಿನವರು ಲಾರಿಗಟ್ಟಲೆ ಒಯ್ಯುತ್ತಿದ್ದರು. ಗೊಬ್ಬರಕ್ಕೂ ಒಳ್ಳೆಯದು, ಪೊಟ್ಯಾಷ್ ಚೆನ್ನಾಗಿದೆ. ಆದರೆ ಹಸಿಯಾಗಿ ಗಿಡದ ಬುಡಕ್ಕೆ ಸುರಿದರೆ ಬಿಸಿಯೇರಿ ಬೇರು ಬೇಯುತ್ತದೆ, ಮಣ್ಣಿನ ಸಾರಜನಕವನ್ನೂ ಅದೇ ತಿನ್ನುತ್ತದೆ. ಸಗಣಿ ನೀರು ಹಾಕಿ ಪದರವಾಗಿ ಪೇರಿಸಿ, ತಿಂಗಳಿಗೊಮ್ಮೆ ಮಗುಚಿ, ನಾಲ್ಕೈದು ತಿಂಗಳು ಬಿಡಬೇಕು. ಒಣ ಹೊಟ್ಟಿನ ಮೇಲೆ ನೀರು ಜಾರಿಹೋಗುತ್ತದೆ, ಪೇರಿಸುವ ಮುಂಚೆಯೇ ನೆನೆಸಿ.

ಅದೇ ಹೊಟ್ಟಿನ ದೂಳು ಸುತ್ತಲಿನ ಮನೆಗಳ ಹೆಂಚಿನ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಒಳಗೆ ಕೆಲಸ ಮಾಡುವವರು ಸೆರಗು ಕಟ್ಟಿಕೊಂಡರೂ ಸಂಜೆಗೆ ಕೆಮ್ಮು. ಸುಗ್ಗಿಯಲ್ಲಿ ಕೈತುಂಬ ಕೆಲಸ, ಮಳೆಗಾಲದಲ್ಲಿ ‘ಕರೆದಾಗ ಬನ್ನಿ’. ವರ್ಷಗಟ್ಟಲೆ ಬಂದವರನ್ನೂ ಸೀಸನ್ ಆಳು ಅಂತಲೇ ಬರೆದುಕೊಂಡರೆ ವಯಸ್ಸಾದಮೇಲೆ ಅವರ ಕೈಯಲ್ಲಿ ಏನುಳಿಯುತ್ತದೆ? ಆ ಕೆಲಸವನ್ನು ಹೊಗಳುವವರು ಇದನ್ನೂ ಹೇಳಬೇಕು.

ಹರಿದ ಗೋಣಿ ಮಳೆಗೆ ಕೊಪ್ಪೆಯಾಯಿತು, ಬಾಗಿಲಿಗೆ ಕಾಲೊರೆಸಾಯಿತು. ಅಡುಗೆಮನೆಗೆ ಬಂದದ್ದು ಗ್ರೇಡಿನ ಭಾಷೆ. ಅರೇಬಿಕಾ ಪಾರ್ಚ್‌ಮೆಂಟ್ ಸುಲಿದ ಬೀಜಕ್ಕೆ ಪ್ಲಾಂಟೇಶನ್ ಅಂತ ಹೆಸರು. ಪುಡಿ ಅಂಗಡಿಯಲ್ಲಿ ‘ಪ್ಲಾಂಟೇಶನ್ ಅರ್ಧ, ಪೀಬೆರಿ ಅರ್ಧ, ಚಿಕೋರಿ ಬೇಡ’ ಅಂತ ಹೇಳುವ ಗಿರಾಕಿಯ ಮನೆಯಲ್ಲಿ ಯಾರಾದರೂ ಕ್ಯೂರಿಂಗ್‌ಗೆ ಹೋದವರು ಇದ್ದೇ ಇರುತ್ತಿದ್ದರು.

ಕಲರ್ ಸಾರ್ಟರ್ ಬಂದಮೇಲೆ ಟೇಬಲ್ಲುಗಳು ಒಂದೊಂದಾಗಿ ಖಾಲಿಯಾದವು. ಕ್ಯಾಮೆರಾ ನೋಡುತ್ತದೆ, ಗಾಳಿಯ ಹೊಡೆತ ಕಪ್ಪು ಬೀಜವನ್ನು ಆಚೆ ತಳ್ಳುತ್ತದೆ. ಗಾಜಿನ ಮೇಲೆ ದೂಳು ಕೂತರೆ, ಗಾಳಿಯ ಒತ್ತಡ ಇಳಿದರೆ, ಒಳ್ಳೆಯದೂ ಕೆಟ್ಟದ್ದರ ಜೊತೆ ಹೋಗುತ್ತದೆ. ಅದಕ್ಕೇ ಮೈಸೂರು ನಗ್ಗೆಟ್ಸ್‌ನಂಥ ದೊಡ್ಡ ಗ್ರೇಡಿನ ಮಾಲು ಸಾರ್ಟರಿನಿಂದ ಇಳಿದಮೇಲೂ 60 ಕೆಜಿ ಚೀಲಕ್ಕೆ ಬೀಳುವ ಮುಂಚೆ ಇನ್ನೊಮ್ಮೆ ಕೈ ತಾಗುವುದು ಒಳ್ಳೆಯದು. ಕೈ ಇಡುವವರ ಮುಂದೆ ಆಗಿನಂತೆಯೇ ಬೀಜ ತೆಳ್ಳಗೆ ಹರಡಿರಬೇಕು, ಪಕ್ಕದಲ್ಲಿ ಡಬ್ಬ ಇರಬೇಕು, ಬೆಳಕು ಉತ್ತರದಿಂದ ಬರಬೇಕು.